ಯುದ್ಧವಿಲ್ಲದೆ ಮುಗಿದ ಒಕ್ಕೂಟ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಹತ್ತಿಗಿರಣಿಗಳ ಕಾಲದಲ್ಲಿ ಕಾರ್ಮಿಕ ಸಂಘದ ಕೆಲಸ ಮಾಡಿದವರು ನೀವು. ‘ಶೀತಲ ಸಮರದಲ್ಲಿ ಸೋತ ಸೋವಿಯತ್ ಒಕ್ಕೂಟ ಕುಸಿಯಿತು’ ಎಂದು ಕಳೆದ ಸಂಚಿಕೆಯ ಲೇಖನದಲ್ಲಿ ಬಂದ ವಾಕ್ಯ ನಿಮ್ಮನ್ನು ಕೆರಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಕ್ಕೂಟ ಸೋಲಲಿಲ್ಲ, ಅಮೆರಿಕ ಸಂಚು ಹೂಡಿ ಅದನ್ನು ಒಡೆಯಿತು ಎಂಬುದು ನಿಮ್ಮ ಮೊದಲ ಮಾತು. ಅಲ್ಲಿಂದೀಚೆಗೆ ಬಡ ದೇಶಗಳ ಪರ ನಿಲ್ಲುವವರೇ ಇಲ್ಲವಾದರು ಎಂಬುದು ಎರಡನೆಯದು. ಕೊನೆಯಲ್ಲಿ ಒಂದು ತಾರೀಖಿನ ತಪ್ಪನ್ನೂ ತೋರಿಸಿದ್ದೀರಿ. ಲೇಖಕರದಲ್ಲ, ಸಂಪಾದಕರ ಸ್ವಂತ ಅಭಿಪ್ರಾಯವೇ ಬೇಕೆಂದು ಕೇಳಿರುವುದರಿಂದ ಈ ಉತ್ತರ ಉದ್ದವಾಗಿದೆ, ಮನ್ನಿಸಬೇಕು.

‘ಸೋತ’ ಎಂಬ ಪದದ ಬಗ್ಗೆ ನಿಮ್ಮ ಆಕ್ಷೇಪ ನನಗೂ ಒಪ್ಪಿಗೆ. ಆದರೆ ‘ಸಂಚು’ ಎಂಬ ಪದವನ್ನು ಒಪ್ಪಲಾರೆ. 1991ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಕೀವ್ ನಗರದಲ್ಲಿ, ಉಕ್ರೇನಿನ ಶಾಸನಸಭೆಯ ಎದುರು ನಿಂತು, ಆತ್ಮಘಾತುಕ ರಾಷ್ಟ್ರೀಯತೆಯ ಬೆನ್ನಿಗೆ ಅಮೆರಿಕ ನಿಲ್ಲುವುದಿಲ್ಲ ಎಂದು ಹೇಳಿದರು. ಒಕ್ಕೂಟವನ್ನು ಒಡೆಯಲು ಹೊರಟವರು ಆಡುವ ಮಾತು ಇದಲ್ಲ. ಅಣ್ವಸ್ತ್ರಗಳು ಒಂದೇ ಕೈಯಲ್ಲಿರಲಿ, ಪರಿಚಯವಿರುವ ಸೋವಿಯತ್ ಅಧ್ಯಕ್ಷ ಗೊರ್ಬಚೆವ್ ಅವರೇ ಆ ಕೈಯಾಗಿರಲಿ ಎಂಬುದು ವಾಷಿಂಗ್ಟನ್ನಿನ ಲೆಕ್ಕಾಚಾರವಾಗಿತ್ತು. ಆ ಭಾಷಣಕ್ಕೆ ಸ್ವತಃ ಅಮೆರಿಕದ ಪತ್ರಿಕೆಗಳಲ್ಲಿ ಗೇಲಿ ನಡೆಯಿತು. ನಾಲ್ಕು ವಾರ ಕಳೆಯುವ ಮೊದಲೇ, ಆಗಸ್ಟ್ 24ರಂದು, ಅದೇ ಶಾಸನಸಭೆ ಸ್ವಾತಂತ್ರ್ಯ ಘೋಷಿಸಿತು.

ಹೊರಗಿನ ಒತ್ತಡವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. 1986ರಲ್ಲಿ ಕಚ್ಚಾತೈಲದ ಬೆಲೆ ಅರ್ಧಕ್ಕಿಂತ ಕೆಳಗಿಳಿದಾಗ, ತೈಲ ಮಾರಿ ಧಾನ್ಯ ಕೊಳ್ಳುತ್ತಿದ್ದ ದೇಶದ ಕೈ ಕಟ್ಟಿಹೋಯಿತು. 1979ರ ಡಿಸೆಂಬರಿನಲ್ಲಿ ಅಫ್ಗಾನಿಸ್ತಾನಕ್ಕೆ ಹೊಕ್ಕ ಸೇನೆ ಹೊರಬಂದದ್ದು 1989ರ ಫೆಬ್ರುವರಿಯಲ್ಲಿ. ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದ ಮೇಲೂ ಕೀವ್‌ನಲ್ಲಿ ಮೇ ದಿನದ ಮೆರವಣಿಗೆಯನ್ನು ನಿಲ್ಲಿಸದೆ ಮಕ್ಕಳನ್ನೂ ಬೀದಿಗಿಳಿಸಿದ ಸರ್ಕಾರದ ಮೇಲೆ ಉಕ್ರೇನಿನ ಜನಕ್ಕೆ ಉಳಿದಿದ್ದ ನಂಬಿಕೆಯೂ ಹೋಯಿತು. ಇಷ್ಟೆಲ್ಲ ಸೇರಿದರೆ ಸರ್ಕಾರ ಬೀಳಬಹುದು, ಪಕ್ಷ ಬೀಳಬಹುದು. ದೇಶವೇ ಹದಿನೈದು ಹೋಳಾಗಲು ಇನ್ನೊಂದು ಕಾರಣ ಬೇಕು. ನಮ್ಮ ಲೇಖನ ಮುಟ್ಟದೆ ಹೋದದ್ದು ಅದನ್ನೇ.

ಸೋವಿಯತ್ ಒಕ್ಕೂಟ ಕಾಗದದ ಮೇಲೆ ಸ್ವಇಚ್ಛೆಯಿಂದ ಸೇರಿದ ಗಣರಾಜ್ಯಗಳ ಕೂಟ. 1977ರ ಸಂವಿಧಾನದ 72ನೇ ವಿಧಿಯಂತೆ ಪ್ರತಿ ಗಣರಾಜ್ಯಕ್ಕೂ ಹೊರನಡೆಯುವ ಹಕ್ಕಿತ್ತು. ಆ ಹಕ್ಕನ್ನು ಯಾರೂ ಚಲಾಯಿಸದಂತೆ ನೋಡಿಕೊಂಡದ್ದು ಪಕ್ಷ. ಸಂವಿಧಾನ ಬರೀ ಗೋಡೆ, ಪಕ್ಷವೇ ತೊಲೆ. ಗೊರ್ಬಚೆವ್ ಸ್ಪರ್ಧೆಯ ಚುನಾವಣೆಗಳನ್ನು ತಂದು ಪಕ್ಷದ ಏಕಸ್ವಾಮ್ಯವನ್ನು ಸಡಿಲಿಸಿದಾಗ ಆ ತೊಲೆ ಜರುಗಿತು. 1990ರ ಮಾರ್ಚ್ 11ರಂದು ಲಿಥುವೇನಿಯ ಮೊದಲು ಹೊರಟಿತು. ಬಾಲ್ಟಿಕ್‌ನ ಮೂರು ಪುಟ್ಟ ದೇಶಗಳು ಹೋಗಿದ್ದರೂ ಒಕ್ಕೂಟ ಉಳಿಯುತ್ತಿತ್ತು ಎಂದೇ ನನ್ನ ಅಂದಾಜು. ಉಳಿಯದಂತೆ ಮಾಡಿದ್ದು ರಷ್ಯಾ.

ಇದು ವಿಚಿತ್ರವಾಗಿ ಕೇಳಿಸಬಹುದು. ರಷ್ಯಾ ಎಂದರೆ ಸೋವಿಯತ್, ಸೋವಿಯತ್ ಎಂದರೆ ರಷ್ಯಾ ಎಂದೇ ನಾವೆಲ್ಲ ಮಾತಾಡಿ ಅಭ್ಯಾಸ. ಆದರೆ ಒಕ್ಕೂಟದೊಳಗೆ ರಷ್ಯಾ ಕೂಡ ಒಂದು ಗಣರಾಜ್ಯ, ಅದಕ್ಕೆ 1990ರ ಜೂನ್‌ವರೆಗೆ ತನ್ನದೇ ಆದ ಕಮ್ಯುನಿಸ್ಟ್ ಪಕ್ಷವೂ ಇರಲಿಲ್ಲ. ಅದೇ ತಿಂಗಳ 12ರಂದು ಬೊರಿಸ್ ಯೆಲ್ಟ್ಸಿನ್ ಅಧ್ಯಕ್ಷತೆಯಲ್ಲಿ ರಷ್ಯಾದ ಶಾಸನಸಭೆ, ತನ್ನ ನೆಲದಲ್ಲಿ ತನ್ನ ಕಾನೂನಿಗೇ ಮೇಲುಗೈ ಎಂದು ಸಾರಿತು. ಸರಿಯಾಗಿ ಒಂದು ವರ್ಷಕ್ಕೆ ಯೆಲ್ಟ್ಸಿನ್ ಜನರಿಂದಲೇ ರಷ್ಯಾದ ಅಧ್ಯಕ್ಷರಾಗಿ ಆರಿಸಿಬಂದರು. ಗೊರ್ಬಚೆವ್ ಅಧಿಕಾರದಲ್ಲಿದ್ದಾಗ ಎಂದೂ ಜನರ ಮುಂದೆ ಅಂಥ ಚುನಾವಣೆಗೆ ನಿಂತವರಲ್ಲ. ಮನೆಯ ಹಿರಿಯ ಮಗನೇ ಪಾಲು ಕೇಳಿದ ಮೇಲೆ ಅವಿಭಕ್ತ ಕುಟುಂಬವನ್ನು ಯಾರು ನಡೆಸಬೇಕು?

1991ರ ಮಾರ್ಚ್ 17ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ 76ರಷ್ಟು ಮಂದಿ ನವೀಕೃತ ಒಕ್ಕೂಟ ಉಳಿಯಲಿ ಎಂದರೆಂದು ನೀವು ಬರೆದಿದ್ದೀರಿ. ನಿಜ. ಆರು ಗಣರಾಜ್ಯಗಳು ಆ ಮತದಾನವನ್ನು ಬಹಿಷ್ಕರಿಸಿದ್ದೂ ನಿಜ. ಆದರೂ ಹೊಸ ಒಕ್ಕೂಟ ಒಪ್ಪಂದಕ್ಕೆ ಆಗಸ್ಟ್ 20ರಂದು ಸಹಿ ಬೀಳುವುದಿತ್ತು. ಅದರ ಹಿಂದಿನ ದಿನ ಒಕ್ಕೂಟವನ್ನು ಉಳಿಸುವ ಹೆಸರಿನಲ್ಲಿ ಉಪಾಧ್ಯಕ್ಷ, ರಕ್ಷಣಾ ಸಚಿವ, ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥ ಮೊದಲಾದವರು ಕ್ಷಿಪ್ರಕ್ರಾಂತಿ ನಡೆಸಿದರು. ಮೂರು ದಿನಗಳಲ್ಲಿ ಅದು ಮಣ್ಣುಗೂಡಿತು, ಜೊತೆಗೆ ಒಪ್ಪಂದವೂ. ಡಿಸೆಂಬರ್ 1ರಂದು ಉಕ್ರೇನಿನಲ್ಲಿ ಮತ ಹಾಕಿದವರ ಪೈಕಿ ಶೇ 90ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯವನ್ನು ಅನುಮೋದಿಸಿದರು. ಡಿಸೆಂಬರ್ 8ರಂದು ಬೆಲರೂಸಿನ ಕಾಡಿನ ನಡುವಿನ ಸರ್ಕಾರಿ ಬಂಗಲೆಯೊಂದರಲ್ಲಿ ಯೆಲ್ಟ್ಸಿನ್, ಉಕ್ರೇನಿನ ಕ್ರಾವ್‌ಚುಕ್ ಮತ್ತು ಬೆಲರೂಸಿನ ಶುಶ್ಕೆವಿಚ್ ಸೇರಿ ಒಕ್ಕೂಟ ಇನ್ನಿಲ್ಲವೆಂದು ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಅಮೆರಿಕದವರು ಯಾರೂ ಇರಲಿಲ್ಲ.

ಜಗತ್ತಿನ ರಾಜಕೀಯದ ಮೇಲಾದ ಪರಿಣಾಮವನ್ನು ನಾನು ಈ ಕೊನೆಯ ದೃಶ್ಯದಿಂದಲೇ ನೋಡುತ್ತೇನೆ. ಯುದ್ಧದಲ್ಲಿ ಸಾಮ್ರಾಜ್ಯ ಬಿದ್ದಾಗ ಗೆದ್ದವರು, ಸೋತವರು ಒಂದು ಮೇಜಿನ ಸುತ್ತ ಕೂರುತ್ತಾರೆ. ನ್ಯಾಯವೋ ಅನ್ಯಾಯವೋ, ಗಡಿ ಯಾವುದು, ಸೇನೆ ಎಷ್ಟು, ಸಾಲ ಯಾರದು ಎಂಬುದು ಬರಹಕ್ಕಿಳಿಯುತ್ತದೆ. 1991ರಲ್ಲಿ ಅಂಥ ಸಮ್ಮೇಳನ ನಡೆಯಲಿಲ್ಲ. ಭದ್ರತಾ ಮಂಡಳಿಯ ಕಾಯಂ ಸ್ಥಾನ ವಿಶ್ವಸಂಸ್ಥೆಯ ಸನ್ನದಿಗೆ ಒಂದಕ್ಷರದ ತಿದ್ದುಪಡಿಯೂ ಇಲ್ಲದೆ, ಯೆಲ್ಟ್ಸಿನ್ ಬರೆದ ಒಂದು ಪತ್ರದ ಮೇಲೆ ರಷ್ಯಾಕ್ಕೆ ಹೋಯಿತು. ಗಣರಾಜ್ಯಗಳ ನಡುವಿನ ಆಡಳಿತದ ಗೆರೆಗಳು ರಾತ್ರೋರಾತ್ರಿ ಅಂತರರಾಷ್ಟ್ರೀಯ ಗಡಿಗಳಾದವು. 1954ರಲ್ಲಿ ರಷ್ಯಾದಿಂದ ಉಕ್ರೇನಿಗೆ ಕಡತದ ಮೇಲೆ ವರ್ಗವಾಗಿದ್ದ ಕ್ರಿಮಿಯಾ, ಅಲ್ಲಿನ ಬಂದರು, ನೌಕಾಪಡೆ ಎಲ್ಲವೂ ಆ ಗೆರೆಯ ಆಚೆ ಉಳಿದವು. ಸುಮಾರು ಎರಡೂವರೆ ಕೋಟಿ ರಷ್ಯನ್ನರು ಮನೆ ಬಿಟ್ಟು ಕದಲದೆಯೇ ಪರದೇಶದವರಾದರು.

ಅಣ್ವಸ್ತ್ರಗಳದ್ದೊಂದೇ ತಕ್ಕಮಟ್ಟಿಗೆ ಬಗೆಹರಿಯಿತು ಎನ್ನಬೇಕು. 1994ರ ಡಿಸೆಂಬರಿನಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಗಡಿಗಳನ್ನು ಗೌರವಿಸುವ ಭರವಸೆ ಕೊಟ್ಟವು; ಉಕ್ರೇನ್, ಬೆಲರೂಸ್, ಕಜಾಕಸ್ತಾನಗಳು ತಮ್ಮ ನೆಲದಲ್ಲಿದ್ದ ಸಿಡಿತಲೆಗಳನ್ನು ರಷ್ಯಾಕ್ಕೆ ಒಪ್ಪಿಸಿ ಮುಗಿಸಿದವು. ರಷ್ಯಾ 2014ರಲ್ಲಿ ಕ್ರಿಮಿಯಾವನ್ನು ವಶಪಡಿಸಿಕೊಂಡಾಗ, 2022ರಲ್ಲಿ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಆ ಭರವಸೆಗೆ ಏನಾಯಿತೆಂದು ನಿಮಗೆ ಗೊತ್ತು. ಅತ್ತ ಅಮೆರಿಕ ನೇತೃತ್ವದ ಸೇನಾಕೂಟ ನ್ಯಾಟೊ ಎಲ್ಲಿಯವರೆಗೆ ಹಬ್ಬಬಹುದು ಎಂಬ ಪ್ರಶ್ನೆಗೂ ಲಿಖಿತ ಉತ್ತರ ಇರಲಿಲ್ಲ. ಅದಕ್ಕೆ ಎದುರಾಗಿದ್ದ ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದಕೂಟ 1991ರ ಜುಲೈಯಲ್ಲಿ ಬರಖಾಸ್ತಾಯಿತು. ನ್ಯಾಟೊ 1999ರಲ್ಲಿ ಪೋಲೆಂಡ್, ಹಂಗೆರಿ, ಝೆಕ್ ಗಣರಾಜ್ಯಗಳನ್ನೂ 2004ರಲ್ಲಿ ಬಾಲ್ಟಿಕ್ ದೇಶಗಳೂ ಸೇರಿ ಏಳನ್ನೂ ಸೇರಿಸಿಕೊಂಡಿತು. ಆ ದೇಶಗಳು ಯಾರ ಭಯದಿಂದ ಸೇರಿದವು ಎಂಬುದನ್ನು ನಿಮ್ಮ ಪತ್ರ ಕೇಳಿಕೊಂಡಿಲ್ಲ. ರಷ್ಯಾಕ್ಕೆ ಅದು ಹೇಗೆ ಕಂಡೀತು ಎಂಬುದನ್ನು ಪಶ್ಚಿಮದ ರಾಜಧಾನಿಗಳೂ ಗಂಭೀರವಾಗಿ ಕೇಳಿಕೊಂಡಂತಿಲ್ಲ.

ನಿಮ್ಮ ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಯೂಬಾ ಸೋವಿಯತ್ ತೈಲವಿಲ್ಲದೆ ಸೈಕಲ್ಲಿಗೂ ಎತ್ತಿನ ಉಳುಮೆಗೂ ಮರಳಿತು. ಮಾಸ್ಕೋದ ನೆರವು ನಿಂತ ಕೆಲವೇ ತಿಂಗಳಲ್ಲಿ, 1992ರ ಏಪ್ರಿಲ್‌ನಲ್ಲಿ, ಕಾಬೂಲಿನಲ್ಲಿ ನಜೀಬುಲ್ಲಾ ಸರ್ಕಾರ ಉರುಳಿತು. ಬೆಂಗಳೂರಿನ ಇಸ್ರೊ 1991ರ ಜನವರಿಯಲ್ಲಿ, ಭಾರದ ಉಪಗ್ರಹ ಹಾರಿಸುವ ರಾಕೆಟ್ಟಿಗೆ ಬೇಕಾದ ಕ್ರಯೋಜೆನಿಕ್ ಎಂಜಿನ್ ಜೊತೆಗೆ ಅದರ ತಂತ್ರಜ್ಞಾನವನ್ನೂ ಪಡೆಯಲು ಮಾಸ್ಕೋ ಜೊತೆ ಮಾಡಿಕೊಂಡ ಒಪ್ಪಂದವನ್ನೇ ನೋಡಿ. ಅಮೆರಿಕ ನಿರ್ಬಂಧ ಹೇರಿತು, ದುಡ್ಡಿಲ್ಲದ ಹೊಸ ರಷ್ಯಾ 1993ರಲ್ಲಿ ತಂತ್ರಜ್ಞಾನದಿಂದ ಹಿಂದೆ ಸರಿದು ಎಂಜಿನ್‌ಗಳನ್ನಷ್ಟೇ ಕೊಟ್ಟಿತು. ನಮ್ಮದೇ ಎಂಜಿನ್ ಯಶಸ್ವಿಯಾಗಿ ಹಾರಲು 2014ರ ಜನವರಿ ಬರಬೇಕಾಯಿತು. ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ಬೆಳೆಗಾರರ ಕಥೆ ಬೇರೆ. ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಹೋದಾಗ ಕಾಫಿ ಮಂಡಳಿಯ ಒಟ್ಟು ಖರೀದಿ ವ್ಯವಸ್ಥೆಯ ಬುಡ ಅಲುಗಿ, 1996ರ ಹೊತ್ತಿಗೆ ಅವರು ತಮ್ಮ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯ ಪಡೆದರು. ಒಂದೇ ಘಟನೆ ಒಬ್ಬರಿಗೆ ನಷ್ಟ, ಇನ್ನೊಬ್ಬರಿಗೆ ಬಿಡುಗಡೆ. ಇನ್ನು ಬಡವರ ಮಾತಿಗೆ ಬಂದರೆ ರಷ್ಯಾದ ಬಡವರನ್ನೂ ಎಣಿಸಬೇಕು: 1992ರ ಜನವರಿಯಲ್ಲಿ ಬೆಲೆಗಳ ಮೇಲಿನ ಹಿಡಿತ ಬಿಟ್ಟ ಮೇಲೆ ಜನರ ಉಳಿತಾಯ ಕರಗಿತು, 1994ರ ವೇಳೆಗೆ ಗಂಡಸರ ಸರಾಸರಿ ಆಯಸ್ಸು 58ರ ಆಸುಪಾಸಿಗೆ ಇಳಿಯಿತು.

ಕೊನೆಯದಾಗಿ ತಾರೀಖು. ಕ್ರೆಮ್ಲಿನ್ ಮೇಲಿಂದ ಕೆಂಬಾವುಟ ಇಳಿದದ್ದು ಡಿಸೆಂಬರ್ 26ರಂದು ಎಂದು ನಾವು ಅಚ್ಚು ಹಾಕಿದ್ದು ತಪ್ಪು. ಗೊರ್ಬಚೆವ್ ರಾಜೀನಾಮೆಯ ಭಾಷಣ ಮಾಡಿದ 25ರ ಸಂಜೆಯೇ ಅದು ಇಳಿಯಿತು; 26ರಂದು ನಡೆದದ್ದು ಒಕ್ಕೂಟದ ಸಂಸತ್ತಿನ ಮೇಲ್ಮನೆ ಸೇರಿ ವಿಸರ್ಜನೆಯನ್ನು ದಾಖಲಿಸಿದ ಸಭೆ. ಮುಂದಿನ ಸಂಚಿಕೆಯ ಎರಡನೇ ಪುಟದಲ್ಲಿ ತಿದ್ದುಪಡಿ ಬರುತ್ತದೆ, ‘ಸೋತ’ ಎಂಬ ಪದದ ಬಗ್ಗೆಯೂ ಒಂದು ಸಾಲು ಇರುತ್ತದೆ.

ಇತಿ,
ಸಂಪಾದಕ