ತರಬೇತಿಯ ಹೊಣೆ ಜಿಲ್ಲೆಗೆ, ಹಣದ ಕೀಲಿ ಯಾರಿಗೆ?

ಪ್ರಶ್ನೆ: ಶಿಕ್ಷಕರ ತರಬೇತಿ ಸಂಸ್ಥೆಯೊಂದರಲ್ಲಿ ಉಪನ್ಯಾಸಕಿಯಾಗಿದ್ದೇನೆ. ತರಬೇತಿಯ ವಿಷಯ, ದಿನಾಂಕ, ಸಾಮಗ್ರಿ ಎಲ್ಲವೂ ಮೇಲಿನಿಂದಲೇ ಬರುತ್ತವೆ. ಅಧಿಕಾರವನ್ನು ಜಿಲ್ಲೆಗಳಿಗೆ ಬಿಟ್ಟುಕೊಟ್ಟರೆ ಗುಣಮಟ್ಟ ಕುಸಿಯುವುದಿಲ್ಲವೇ?

ಉತ್ತರ: ಯಾವ ಅಧಿಕಾರವನ್ನು ಬಿಟ್ಟುಕೊಡುತ್ತೀರಿ ಎಂದು ಮೊದಲು ಕೇಳಬೇಕು. ವೃತ್ತಿಗೆ ಬೇಕಾದ ಕನಿಷ್ಠ ಅರ್ಹತೆ, ಸಂಸ್ಥೆಗಳ ಮಾನ್ಯತೆ ಇವುಗಳನ್ನು ಜಿಲ್ಲೆಗೊಂದು ರೀತಿ ಮಾಡಿದರೆ ಒಂದು ಕಡೆಯ ಪ್ರಮಾಣಪತ್ರಕ್ಕೆ ಇನ್ನೊಂದು ಕಡೆ ಬೆಲೆ ಇರುವುದಿಲ್ಲ. ಅಲ್ಲಿ ನಿಮ್ಮ ಭಯ ಸಕಾರಣವಾದದ್ದೇ. ಸೇವೆಯಲ್ಲಿರುವವರ ತರಬೇತಿಯ ಮಾತು ಬೇರೆ. ಮಕ್ಕಳು ಭಿನ್ನರಾಶಿಯಲ್ಲಿ ಎಲ್ಲಿ ಎಡವುತ್ತಾರೆ, ಯಾವ ಶಾಲೆಯಲ್ಲಿ ಒಬ್ಬರೇ ಹಲವು ತರಗತಿಗಳನ್ನು ನಿಭಾಯಿಸುತ್ತಿದ್ದಾರೆ, ಎಲ್ಲಿ ಮನೆಮಾತು ಬೇರೆ, ಪಾಠದ ಭಾಷೆ ಬೇರೆ ಎಂಬುದು ರಾಜಧಾನಿಯ ಕಚೇರಿಗೆ ಕಾಣುವುದಿಲ್ಲ.

ಫಿನ್‌ಲೆಂಡ್ ಈ ಎರಡನ್ನೂ ಬೇರ್ಪಡಿಸಿಯೇ ನೋಡುತ್ತದೆ. ಶಿಕ್ಷಕರ ಅರ್ಹತೆಯನ್ನು ನಿಗದಿಪಡಿಸುವುದು ರಾಷ್ಟ್ರಮಟ್ಟದ ನಿಯಮ. ಅದನ್ನು ಪೂರೈಸುವ ಪಠ್ಯಕ್ರಮವನ್ನು ವಿಶ್ವವಿದ್ಯಾಲಯಗಳೇ ರೂಪಿಸುತ್ತವೆ. ಸೇವಾನಿರತರ ತರಬೇತಿಯನ್ನು ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ಪುರಸಭೆಗಳದು, ಏಕೆಂದರೆ ಹೆಚ್ಚಿನ ಶಿಕ್ಷಕರಿಗೆ ಕೆಲಸ ಕೊಡುವವರೇ ಅವರು.

ಭಾರತದ ಅನುಭವ ಅಷ್ಟು ಸಲೀಸಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ಹುಟ್ಟಿಕೊಂಡವು. ಸ್ಥಳೀಯ ಅಗತ್ಯವನ್ನು ಅಧ್ಯಯನ ಮಾಡುವುದು, ಯೋಜನೆ ರೂಪಿಸುವುದು, ಪ್ರಯೋಗ ನಡೆಸುವುದು ಇವೆಲ್ಲ ಅವುಗಳ ಕೆಲಸವಾಗಬೇಕಿತ್ತು. ಅನೇಕ ಕಡೆ ಬೋಧಕ ಹುದ್ದೆಗಳು ಖಾಲಿ ಉಳಿದವು, ಮೇಲಿನವರು ಸಿದ್ಧಪಡಿಸಿದ ಮಾಡ್ಯೂಲನ್ನು, ಅಂದರೆ ತರಬೇತಿಯ ಸಿದ್ಧ ಪಾಠವನ್ನು, ಕೆಳಗೆ ದಾಟಿಸುವುದೇ ದಿನಚರಿಯಾಯಿತು. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಯವರಿಗೆ, ಅವರು ತಾಲ್ಲೂಕಿನವರಿಗೆ, ಅವರು ಶಿಕ್ಷಕರಿಗೆ ಕಲಿಸುವ ಹೊತ್ತಿಗೆ ಉಳಿಯುವುದು ಹಾಜರಾತಿ ಪುಸ್ತಕ ಮಾತ್ರ ಎಂದರೆ ತುಸು ಕಟುವಾದೀತು, ಆದರೆ ನಿಮಗೂ ಇದು ಹೊಸ ಸುದ್ದಿಯಲ್ಲ. ಕೆಲಸವನ್ನು ಕೆಳಗಿಳಿಸಿ ಹಣ, ಹುದ್ದೆ, ತೀರ್ಮಾನಗಳನ್ನು ಮೇಲೆಯೇ ಇಟ್ಟುಕೊಳ್ಳುವುದನ್ನು ನಾನು ವಿಕೇಂದ್ರೀಕರಣ ಎನ್ನಲಾರೆ.

ಇನ್ನೊಂದು ಅಪಾಯವೂ ಇದೆ. ಅಧಿಕಾರ ಜಿಲ್ಲೆಗೆ ಬಂದು ಅಲ್ಲೊಬ್ಬ ಅಧಿಕಾರಿಯ ಮೇಜಿನ ಮೇಲೆ ನಿಂತುಬಿಟ್ಟರೆ ಶಿಕ್ಷಕರ ಪಾಲಿಗೆ ಯಜಮಾನ ಬದಲಾದನಷ್ಟೇ. ಆದ್ದರಿಂದ ತರಬೇತಿಯ ವಾರ್ಷಿಕ ಯೋಜನೆಯನ್ನು ಒಪ್ಪುವ ಸಮಿತಿಯಲ್ಲಿ ತರಗತಿಯಲ್ಲಿ ಪಾಠ ಮಾಡುವವರೂ ಇರಬೇಕು, ಖರ್ಚಿನ ಲೆಕ್ಕ ಎಲ್ಲರಿಗೂ ಸಿಗಬೇಕು.

ನಿಮ್ಮ ಸಂಸ್ಥೆ ಎಲ್ಲವನ್ನೂ ಒಮ್ಮೆಲೇ ಕೇಳುವುದು ಬೇಡ. ತರಬೇತಿ ಅನುದಾನದ ಒಂದು ಪಾಲನ್ನು ಇಂಥದ್ದಕ್ಕೇ ಖರ್ಚು ಮಾಡಬೇಕೆಂದು ಕಟ್ಟುಹಾಕದೆ ಕೊಡಿ, ವಿಷಯವನ್ನೂ ತರಬೇತಿ ನೀಡುವ ಸಂಪನ್ಮೂಲ ವ್ಯಕ್ತಿಗಳನ್ನೂ ನಾವೇ ಆರಿಸುತ್ತೇವೆ ಎಂದು ಲಿಖಿತವಾಗಿ ಕೇಳಿ. ಮುಂದಿನ ವರ್ಷ ಹೆಚ್ಚು ಕೇಳಲು ತರಗತಿಗಳಲ್ಲಿ ಆದ ಬದಲಾವಣೆಯ ದಾಖಲೆ ನಿಮ್ಮ ಕೈಯಲ್ಲಿರಲಿ.