ಬೆನ್ನಿಗೆ ಬ್ಯಾಗು, ಎದೆಗೆ ಹೋಲ್‌ಸ್ಟರ್: ಮೊಂಟಾನಾಕ್ಕೆ ಹೊರಟ ಸಕಲೇಶಪುರದ ಹುಡುಗನಿಗೆ

ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್‌ಗೆ ಹೊರಟಿದ್ದೀಯ. ಊರು, ಬಾಡಿಗೆ ಮನೆ, ಚಳಿ ಎಲ್ಲ ಕೇಳಿ ಕೊನೆಗೆ ಬರೆದದ್ದು ಇದು: "ಅಣ್ಣಾ, ಅಲ್ಲಿ ಬೆಟ್ಟ ಹತ್ತುವವರು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡಿರುತ್ತಾರಂತೆ. ದೊಡ್ಡ ಟ್ರೆಕ್ಕಿಂಗ್ ಬ್ಯಾಗ್ ಹಾಕಿದ ಮೇಲೆ ಅದನ್ನು ಎಲ್ಲಿ ಕಟ್ಟಿಕೊಳ್ಳುತ್ತಾರೆ? ನಾನೂ ಒಂದು ತಗೊಳ್ಳಬೇಕಾ?" ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ನೋಡಿ ಬೆಳೆದವನು ನೀನು, ಹಾಗಾಗಿ ಈ ಪ್ರಶ್ನೆ ಬಂದದ್ದು ಸಹಜ. ನಾನೀಗ ರಜೆಗೆ ಮೂಡಿಗೆರೆಗೆ ಬಂದಿದ್ದೇನೆ. ಇಲ್ಲಿ ಕಣದಲ್ಲಿ ಕಾಫಿ ಒಣಗಿಸುವವರಿಂದ ಹಿಡಿದು ಎಲ್ಲರೂ ಇದನ್ನೇ ಕೇಳುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ತಗೊಳ್ಳಬೇಡ. ನಿನ್ನದು ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾ. ಓದಲು, ಕೆಲಸಕ್ಕೆ, ಪ್ರವಾಸಕ್ಕೆ ವೀಸಾ ಪಡೆದು ಹೋದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಕೆಲಸದ ವೀಸಾ ಎಚ್-1ಬಿಗೂ ಇದೇ ನಿಯಮ. 2022ರ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷದವರೆಗೆ ಜೈಲು ಆಗಬಹುದು. ಜೈಲು ತಪ್ಪಿದರೂ ವೀಸಾ ಉಳಿಯುವುದು ಕಷ್ಟ. "ಮೊಂಟಾನಾದಲ್ಲಿ ಲೈಸೆನ್ಸೇ ಬೇಡ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು" ಎಂದು ಅಲ್ಲಿನ ಗೆಳೆಯರು ಹೇಳುತ್ತಾರೆ. ಅವರು ಹೇಳುವುದು ಅವರ ಮಟ್ಟಿಗೆ ಸರಿ. ರಾಜ್ಯದ ಕಾನೂನು ಎಷ್ಟೇ ಸಡಿಲವಿದ್ದರೂ ನಿನ್ನ ಮೇಲೆ ಕೇಂದ್ರದ ಕಾನೂನು ಇದ್ದೇ ಇರುತ್ತದೆ. ಗೆಳೆಯನ ಪಿಸ್ತೂಲನ್ನು "ಸ್ವಲ್ಪ ಹೊತ್ತು ನಿನ್ನ ಬ್ಯಾಗಲ್ಲಿರಲಿ" ಎಂದು ಕೊಟ್ಟರೂ ಬೇಡ ಎನ್ನು. ನಿನ್ನ ಬ್ಯಾಗಲ್ಲಿದ್ದರೆ ಅದು ನಿನ್ನ ಬಳಿ ಇದ್ದ ಹಾಗೆಯೇ.

ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಅದು ನಿಜ. ಮೊಂಟಾನಾದಲ್ಲಿ 1985ರ ಜನವರಿ 1ರ ನಂತರ ಹುಟ್ಟಿದವರು ಬೇಟೆ ಲೈಸೆನ್ಸ್ ಬೇಕೆಂದರೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಕೋರ್ಸ್ ಒಳ್ಳೆಯದು, ಮಾಡು. ಆದರೆ ಪಿಸ್ತೂಲು ಕೊಳ್ಳಲು ದಾರಿಯಾಯಿತು ಎಂದು ಮೊದಲ ವರ್ಷವೇ ಆ ಕಡೆ ಹೋಗಬೇಡ. ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಒಂದು ಗುಂಡನ್ನೂ ಮನೆಗೆ ತರಬಾರದು. ಯೂನಿವರ್ಸಿಟಿ ಒಳಗಿನ ನಿಯಮ ಇನ್ನೂ ಬೇರೆ, ಇನ್ನೂ ಬಿಗಿ.

ಹಾಗಾದರೆ ಮೊದಲನೇ ಪ್ರಶ್ನೆ ಸುಮ್ನೆ ಆಯಿತಾ? ಇಲ್ಲ. ಅದೇ ನಿನಗೆ ಹೆಚ್ಚು ಬೇಕಾದದ್ದು. ಎಲ್ಲಿ ಕಟ್ಟಿಕೊಳ್ಳುತ್ತಾರೆ ಎಂಬುದು ಗೊತ್ತಾದರೆ, ಅದೇ ಜಾಗದಲ್ಲಿ ನೀನು ಕರಡಿ ಸ್ಪ್ರೇ, ಅಂದರೆ ಕರಡಿಯನ್ನು ತಡೆಯುವ ಖಾರದ ಸ್ಪ್ರೇ ಕ್ಯಾನ್, ಕಟ್ಟಿಕೊಳ್ಳುತ್ತೀಯ.

ಬೋಜ್‌ಮನ್ ಸುತ್ತ ಇರುವುದು ಗ್ರಿಜ್ಲಿ ಕರಡಿ. ನಮ್ಮ ಅರಸೀಕೆರೆ ಕಲ್ಲುಗುಡ್ಡದ ಕರಡಿಗಿಂತ ಬಹಳ ದೊಡ್ಡದು. ಗಂಟೆಗೆ 56 ಕಿ.ಮೀ. ವೇಗದಲ್ಲಿ ಓಡಬಲ್ಲದು. ಅಂದರೆ ಸೆಕೆಂಡಿಗೆ 15 ಮೀಟರಿಗೂ ಹೆಚ್ಚು. ಪೊದೆಯ ತಿರುವಿನಲ್ಲಿ ಮೂವತ್ತು ಮೀಟರ್ ದೂರದಲ್ಲಿ ಎದುರಾದರೆ ನಿನ್ನ ಕೈಯಲ್ಲಿರುವುದು ಎರಡು ಸೆಕೆಂಡೂ ಇಲ್ಲ. ಬ್ಯಾಗಿನ ಜಿಪ್ ತೆಗೆದು, ರೇನ್‌ಕೋಟ್ ಸರಿಸಿ, ಒಳಗಿನಿಂದ ಏನನ್ನೋ ತೆಗೆಯುವ ಮಾತೇ ಇಲ್ಲ. ಪಿಸ್ತೂಲೋ ಸ್ಪ್ರೇಯೋ, ಕೈ ಹಾಕಿದ ಕೂಡಲೇ ಸಿಗಬೇಕು. ಇಡೀ ದಿನ ಹೊತ್ತರೂ ನೋಯಬಾರದು, ಯಾಕೆಂದರೆ ನೋಯುವ ವಸ್ತುವನ್ನು ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಬ್ಯಾಗಿನೊಳಗೆ ಹಾಕಿಬಿಡುತ್ತಾನೆ. ಆರಾಮ ಇಷ್ಟು ಮುಖ್ಯವಾಗುವುದು ಇದಕ್ಕೇ.

ತೊಂದರೆ ಎಲ್ಲಿದೆ ನೋಡು. ಒಳ್ಳೆಯ ಟ್ರೆಕ್ಕಿಂಗ್ ಬ್ಯಾಗಿನ ಭಾರ ಭುಜದ ಮೇಲೆ ಕೂರುವುದಿಲ್ಲ. ಬಹುಪಾಲು ಸೊಂಟದ ಮೂಳೆಯ ಮೇಲೆ, ಬ್ಯಾಗಿನ ಸೊಂಟಪಟ್ಟಿ ಅಂದರೆ ಹಿಪ್ ಬೆಲ್ಟ್ ಮೂಲಕ ಕೂರುತ್ತದೆ. ಪೊಲೀಸರು ಪಿಸ್ತೂಲು ಕಟ್ಟುವ ಜಾಗವೂ ಅದೇ. ಒಂದೇ ಜಾಗಕ್ಕೆ ಎರಡು ಸಾಮಾನು. ಪ್ಯಾಂಟಿನ ಬೆಲ್ಟಿಗೆ ಹೊರಗಡೆ ಹೋಲ್‌ಸ್ಟರ್ (ಪಿಸ್ತೂಲು ಇಡುವ ಒರೆ) ಕಟ್ಟಿದರೆ ಹಿಪ್ ಬೆಲ್ಟ್ ಅದರ ಮೇಲೆ ಏರಿ ಕೂರುತ್ತದೆ, ಬ್ಯಾಗು ಒಂದು ಕಡೆ ವಾಲುತ್ತದೆ, ಹಿಡಿ ಪಕ್ಕೆಗೆ ಒತ್ತುತ್ತದೆ. ಒಳಗಡೆ ಸಿಕ್ಕಿಸಿದರೆ ಬ್ಯಾಗಿನ ಭಾರವೆಲ್ಲ ಕಬ್ಬಿಣದ ಮೂಲಕ ಮೂಳೆಗೆ ಇಳಿಯುತ್ತದೆ. ಒಂದು ಗಂಟೆಯೊಳಗೆ ಚರ್ಮ ಕೆಂಪಾಗುತ್ತದೆ. ಸಾಲದ್ದಕ್ಕೆ ಹಿಪ್ ಬೆಲ್ಟ್ ಅದನ್ನು ಮುಚ್ಚಿರುತ್ತದೆ, ಎಳೆದರೂ ಬರುವುದಿಲ್ಲ. ಹೊಟ್ಟೆಯ ಮುಂದೆ ಸಿಕ್ಕಿಸಿಕೊಳ್ಳುವವರೂ ಇದ್ದಾರೆ. ಸಮತಟ್ಟಿನಲ್ಲಿ ಪರವಾಗಿಲ್ಲ. ಏರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆ ಮೇಲೆ ಬಂದು ಅದನ್ನು ನೂಕುತ್ತದೆ, ಹಿಪ್ ಬೆಲ್ಟಿನ ಬಕಲ್ ಕೂಡ ಅಲ್ಲೇ ಬಂದು ಕೂರುತ್ತದೆ.

ತೊಡೆಗೆ ಕಟ್ಟುವ ಹೋಲ್‌ಸ್ಟರ್ ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ. ಬೆಟ್ಟದಲ್ಲಿ ಅದು ಬೇಡ. ಗುಂಡು ತುಂಬಿದ ಗ್ಲಾಕ್ 20 ಪಿಸ್ತೂಲು ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ಅಷ್ಟು ಭಾರ ಒಂದೇ ಕಾಲಿಗೆ, ಸಾವಿರಾರು ಹೆಜ್ಜೆ! ಪೊದೆಗೂ ಸಿಕ್ಕಿಕೊಳ್ಳುತ್ತದೆ.

ಇನ್ನು ಕೆಲವರು ಹೋಲ್‌ಸ್ಟರನ್ನು ಬ್ಯಾಗಿನ ಹಿಪ್ ಬೆಲ್ಟಿಗೇ ಕಟ್ಟುತ್ತಾರೆ. ಒತ್ತುವುದಿಲ್ಲ, ಕೈಗೂ ಸಿಗುತ್ತದೆ, ನೋಡಲು ಇದೇ ಸರಿ ಅನಿಸುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಊಟಕ್ಕೆ ಕೂತಾಗ ಬ್ಯಾಗು ಮರಕ್ಕೆ ಒರಗಿರುತ್ತದೆ, ನೀನು ನೀರು ತುಂಬಿಸಲು ತೊರೆಗೆ ಇಳಿದಿರುತ್ತೀಯ. ಕರಡಿ ಓಡಾಡುವುದೂ ತೊರೆಯ ಪಕ್ಕದ ಪೊದೆಯಲ್ಲೇ. ಹೊಳೆ ದಾಟುವಾಗಂತೂ ಹಿಪ್ ಬೆಲ್ಟ್ ಬಿಚ್ಚಿಕೊಂಡೇ ದಾಟಬೇಕು, ಬಿದ್ದರೆ ಬ್ಯಾಗಿನಿಂದ ಕಳಚಿಕೊಳ್ಳಲು. ಬ್ಯಾಗು ನೀರಲ್ಲಿ ಹೋದರೆ ಅದಕ್ಕೆ ಕಟ್ಟಿದ್ದೂ ಹೋಯಿತು. ತುಂಬಿದ ಪಿಸ್ತೂಲು ಹೊಳೆಯಲ್ಲಿ ತೇಲಿ ಹೋಗಿ ಯಾರಿಗೋ ಸಿಗುವುದು ಸಣ್ಣ ವಿಷಯ ಅಲ್ಲ. ಬ್ಯಾಗು ಕೆಳಗಿಟ್ಟಾಗಲೂ ಮೈಮೇಲೆ ಇರುವ ಜಾಗವೇ ಬೇಕು.

ಆ ಜಾಗ ಎದೆ. ಅಲಾಸ್ಕಾದ ಗೈಡ್‌ಗಳು, ಮೀನು ಹಿಡಿಯುವವರು, ಮೊಂಟಾನಾದ ಬೇಟೆಗಾರರು ಹೆಚ್ಚಾಗಿ ಒಪ್ಪಿಕೊಂಡಿರುವುದು ಇದನ್ನೇ. ಒಂದು ಪಟ್ಟಿ ಭುಜದ ಮೇಲೆ ಹಾದು ಬೆನ್ನಿಗೆ ಹೋಗುತ್ತದೆ, ಇನ್ನೊಂದು ಪಕ್ಕೆಯ ಸುತ್ತ. ಹೋಲ್‌ಸ್ಟರ್ ಎದೆಮೂಳೆಯ ಕೆಳಗೆ ಓರೆಯಾಗಿ ಕೂರುತ್ತದೆ. ಹಿಪ್ ಬೆಲ್ಟ್ ಪೂರ್ತಿ ಖಾಲಿ. ಕೈಯಲ್ಲಿ ಟ್ರೆಕ್ಕಿಂಗ್ ಕೋಲು ಇದ್ದರೂ ಮೊಣಕೈಗೆ ತಾಗುವುದಿಲ್ಲ.

ಹಾಕಿಕೊಳ್ಳುವ ಕ್ರಮ ಮುಖ್ಯ. ಮೊದಲು ಎದೆಯ ಹೋಲ್‌ಸ್ಟರ್, ಅದರ ಮೇಲೆ ಬ್ಯಾಗು. ಹಾಗಾದರೆ ಬ್ಯಾಗು ತೆಗೆದರೂ ಹೋಲ್‌ಸ್ಟರ್ ಅಲ್ಲೇ ಇರುತ್ತದೆ. ಬ್ಯಾಗಿನ ಭುಜದ ಪಟ್ಟಿಯ ಕೆಳಗೆ ಬರುವ ಭಾಗ ಚಪ್ಪಟೆ ಇರಬೇಕು. ಅಲ್ಲಿ ಬಕಲ್ ಬಂದರೆ ಸಂಜೆಗೆ ಭುಜದಲ್ಲಿ ಗಾಯ ಆಗುತ್ತದೆ. ಬ್ಯಾಗಿನ ಎದೆಪಟ್ಟಿಯನ್ನು ಹೋಲ್‌ಸ್ಟರ್‌ಗಿಂತ ಮೇಲೆ ಹಾಕು, ಅಡ್ಡ ಬರಬಾರದು. ಉಸಿರು ತುಂಬಾ ಎಳೆದು ಪಟ್ಟಿ ಬಿಗಿ ಮಾಡು, ಇಲ್ಲದಿದ್ದರೆ ಏರಿನಲ್ಲಿ ಉಸಿರು ಕಟ್ಟುತ್ತದೆ. ಚರ್ಮದ ಹೋಲ್‌ಸ್ಟರ್ ಮೈಗೆ ಹಿತ, ಆದರೆ ಬೆವರು, ಮಳೆ ಎರಡನ್ನೂ ಕುಡಿದು ಒದ್ದೆಯಾಗಿಯೇ ಇರುತ್ತದೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದ್ದು ನೀರು ಹಿಡಿಯುವುದಿಲ್ಲ, ಆಕಾರವೂ ಕೆಡುವುದಿಲ್ಲ. ಯಾವುದೇ ಆದರೂ ಟ್ರಿಗರ್ ಪೂರ್ತಿ ಮುಚ್ಚಿರಬೇಕು, ತಲೆಕೆಳಗಾಗಿ ಬಾಗಿದರೂ ಬೀಳಬಾರದು. ಇದನ್ನು ಮನೆಯಲ್ಲಿ, ಗುಂಡು ತೆಗೆದು, ಬ್ಯಾಗು ಹಾಕಿಕೊಂಡೇ ನೋಡಬೇಕು.

ಎದೆಯ ಹೋಲ್‌ಸ್ಟರ್‌ನ ಒಂದು ದೋಷ ಹೇಳಲೇಬೇಕು. ಬಲಗೈಯವರದ್ದಾದರೆ ನಳಿಗೆ ಎಡಕ್ಕೆ ಓರೆಯಾಗಿರುತ್ತದೆ. ಎಳೆಯುವಾಗ ಅದು ನಿನ್ನ ಎಡಗೈಯನ್ನೋ, ಎಡಕ್ಕೆ ನಿಂತವನನ್ನೋ ಹಾದು ಹೋಗಬಹುದು. ಎಡಗೈಯನ್ನು ಮೊದಲು ಎದೆಗೆ ಎತ್ತಿಕೊಳ್ಳುವುದು ಅಭ್ಯಾಸ ಆಗಬೇಕು. ಬೋಜ್‌ಮನ್‌ನಲ್ಲಿ ಇಂಥವರ ಜೊತೆ ನೀನು ನಡೆಯುತ್ತೀಯ. ಅವರ ಎಡಪಕ್ಕದಲ್ಲಿ ಅಂಟಿಕೊಂಡು ನಿಲ್ಲಬೇಡ.

ಬೇಟೆಯ ಕಾಲದಲ್ಲಿ ನಾನು ಎದೆಯಲ್ಲಿ ಪಿಸ್ತೂಲು ಹೊರುತ್ತೇನೆ. ಜೊತೆಗೆ ಸ್ಪ್ರೇ ಯಾವಾಗಲೂ ಇರುತ್ತದೆ. ಎರಡರಲ್ಲಿ ಒಂದೇ ಎಂದರೆ ಸ್ಪ್ರೇಯನ್ನೇ ಆರಿಸುತ್ತೇನೆ. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಜೊತೆಯವರು ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ ಘಟನೆಗಳನ್ನು ಹೆಕ್ಕಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂದು ಕರಡಿಗಳ (ಗ್ರಿಜ್ಲಿಯೂ ಇದೇ ಜಾತಿ) ಮೇಲೆ ಸ್ಪ್ರೇ ಹೊಡೆದ 92% ಸಲ ಅವು ತಮ್ಮ ಉಪಟಳ ನಿಲ್ಲಿಸಿದವು. ಸ್ಪ್ರೇ ಇದ್ದ ಜನರಲ್ಲಿ 98% ಮಂದಿಗೆ ಗಾಯವೇ ಆಗಲಿಲ್ಲ. ಬಂದೂಕಿನ ಬಗ್ಗೆ 2012ರಲ್ಲಿ ಬಂದ ಅಧ್ಯಯನದಲ್ಲಿ ಪಿಸ್ತೂಲು ಫಲ ಕೊಟ್ಟದ್ದು 84% ಸಲ. ಎರಡು ಅಂಕಿಗಳನ್ನು ನೇರವಾಗಿ ತೂಗಿ ನೋಡುವುದು ಪೂರ್ತಿ ಸರಿಯಲ್ಲ, ಸನ್ನಿವೇಶಗಳು ಬೇರೆ. ಆದರೂ ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಓಡಿ ಬರುವ ಪ್ರಾಣಿಗೆ ಗುರಿ ಇಟ್ಟು ಹೊಡೆಯುವುದು ಕಷ್ಟ, ನಡುವೆ ಖಾರದ ಮೋಡ ನಿಲ್ಲಿಸುವುದು ಅದಕ್ಕಿಂತ ಸುಲಭ. ಕರಡಿಯೂ ಬದುಕುತ್ತದೆ. ಅಲಾಸ್ಕಾ ಬಿಟ್ಟು ಕೆಳಗಿನ ರಾಜ್ಯಗಳಲ್ಲಿ ಗ್ರಿಜ್ಲಿಗೆ 1975ರಿಂದ ಕಾನೂನಿನ ರಕ್ಷಣೆ ಇದೆ. ಜೀವ ಉಳಿಸಿಕೊಳ್ಳಲು ಗುಂಡು ಹೊಡೆದರೂ ಅಧಿಕಾರಿಗಳಿಗೆ ತಿಳಿಸಬೇಕು, ವಿಚಾರಣೆ ಆಗುತ್ತದೆ.

ಸ್ಪ್ರೇ ಕೊಳ್ಳುವಾಗ ಕರಡಿಗೆಂದೇ ಮಾಡಿದ್ದು, ಕಡಿಮೆ ಅಂದರೂ 225 ಗ್ರಾಂನದ್ದು ತಗೋ. ಮನುಷ್ಯರಿಗೆಂದು ಮಾರುವ ಸಣ್ಣ ಪೆಪ್ಪರ್ ಸ್ಪ್ರೇ ಸಾಲದು. ಕ್ಯಾನಿನ ಮೇಲೆ ಅವಧಿ ಮುಗಿಯುವ ದಿನಾಂಕ ಬರೆದಿರುತ್ತದೆ, ನೋಡು. ಹೊಡೆತ ಸುಮಾರು 30 ಅಡಿ ಹೋಗುತ್ತದೆ. ಸೊಳ್ಳೆ ಔಷಧಿಯ ಹಾಗೆ ಮೈಗೋ ಟೆಂಟಿಗೋ ಹಚ್ಚುವ ವಸ್ತು ಅಲ್ಲ ಅದು. ಅದಕ್ಕೂ ಎದೆಯ ಹೋಲ್‌ಸ್ಟರ್ ಸಿಗುತ್ತದೆ. ಎದೆ ಬೇಡವೆಂದರೆ ಬ್ಯಾಗಿನ ಭುಜದ ಪಟ್ಟಿಗೆ ಕಟ್ಟುತ್ತಾರೆ, ಆದರೆ ಹಿಪ್ ಬೆಲ್ಟಿನ ವಿಷಯದಲ್ಲಿ ಹೇಳಿದ ತೊಂದರೆಯೇ ಇಲ್ಲೂ. ನೀರಿನಂಥದ್ದು ತುಂಬಿದ ಅಭ್ಯಾಸದ ಕ್ಯಾನ್ ಸಿಗುತ್ತದೆ. ಬ್ಯಾಗು ಹೊತ್ತು, ಚಳಿಗಾಲದ ಕೈಗವಸು ಹಾಕಿ, ಕ್ಲಿಪ್ ತೆಗೆದು ಹೊಡೆಯುವುದನ್ನು ಅದರಲ್ಲಿ ಕಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡ, ಒಡೆಯಬಹುದು. ವಿಮಾನದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಅಲ್ಲೇ ಕೊಳ್ಳಬೇಕು.

ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ನೀನು ಹೋಗಿಯೇ ಹೋಗುತ್ತೀಯ. ಅಲ್ಲಿ ಕರಡಿ, ತೋಳದಿಂದ 100 ಗಜ ದೂರ ಇರಬೇಕೆಂಬುದು ನಿಯಮ. 2010ರ ಫೆಬ್ರುವರಿಯಿಂದ ನ್ಯಾಷನಲ್ ಪಾರ್ಕ್‌ಗಳಲ್ಲಿ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಒಯ್ಯಬಹುದು, ಆದ್ದರಿಂದ ಎದೆಯಲ್ಲಿ ಪಿಸ್ತೂಲು ಇಟ್ಟವರನ್ನು ನೋಡಿ ಗಾಬರಿಯಾಗಬೇಡ. ವಿಸಿಟರ್ ಸೆಂಟರ್‌ನಂಥ ಸರ್ಕಾರಿ ಕಟ್ಟಡದೊಳಗೆ ಅವರೂ ಒಯ್ಯುವಂತಿಲ್ಲ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕ್‌ಗೆ ಹೋದರೆ ಗೊತ್ತಿರಲಿ, ಅಲ್ಲಿ ಕರಡಿ ಸ್ಪ್ರೇಯೇ ನಿಷೇಧ.

ಇಷ್ಟೆಲ್ಲ ಓದಿ ನಿನ್ನ ಅಮ್ಮ ಹೆದರಿದರೆ ಹೀಗೆ ಹೇಳು. ಆಲೂರು, ಸಕಲೇಶಪುರ, ಬೇಲೂರು ಕಡೆ ಜನ ದಿನಾ ಆನೆಯ ನಡುವೆ ತೋಟಕ್ಕೆ ಹೋಗುತ್ತಾರೆ. ಅಜ್ಜನ ಕೋವಿ ನಂಬಿಕೊಂಡು ಯಾರೂ ಹೋಗುವುದಿಲ್ಲ. ಆ ಕೋವಿಯನ್ನೂ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯ ಮೆಸೇಜ್ ನೋಡುತ್ತಾರೆ, ಪಕ್ಕದ ತೋಟದವರಿಗೆ ಫೋನ್ ಮಾಡುತ್ತಾರೆ, ಜೊತೆಯಾಗಿ ಮಾತಾಡಿಕೊಂಡು ನಡೆಯುತ್ತಾರೆ, ಕತ್ತಲಾಗುವ ಮೊದಲೇ ಮನೆ ಸೇರುತ್ತಾರೆ. ಗ್ರಿಜ್ಲಿ ನಾಡಿನಲ್ಲೂ ಮಾಡಬೇಕಾದದ್ದು ಇದೇ. ಟ್ರೇಲ್ ಶುರುವಾಗುವ ಕಡೆ ಬೋರ್ಡ್ ಇರುತ್ತದೆ, ಕರಡಿ ಕಂಡ ಸುದ್ದಿ ಅಂಟಿಸಿರುತ್ತಾರೆ, ಓದು. ಮೂರಕ್ಕಿಂತ ಕಡಿಮೆ ಜನ ಹೋಗಬೇಡಿ. ಗಟ್ಟಿಯಾಗಿ ಮಾತಾಡುತ್ತಾ ನಡೆಯಿರಿ, ಕನ್ನಡದಲ್ಲೇ ಆಗಲಿ. ನೀನು ತಲುಪುವ ಆಗಸ್ಟ್‌ನಿಂದ ಚಳಿ ಬೀಳುವವರೆಗೆ ಕರಡಿಗಳು ನಿದ್ದೆಯ ಕಾಲಕ್ಕೆ ಕೊಬ್ಬು ಕೂಡಿಸಲು ಹೊತ್ತುಗೊತ್ತಿಲ್ಲದೆ ತಿನ್ನುತ್ತಿರುತ್ತವೆ. ಊಟದ ವಾಸನೆ ಇರುವ ಯಾವುದನ್ನೂ ಟೆಂಟಿನೊಳಗೆ ಇಡಬಾರದು.

ಹೊರಡುವ ಮೊದಲು ಒಂದು ಕೆಲಸ ಮಾಡು. ಹೊಸ ಬ್ಯಾಗಿಗೆ ಹತ್ತು ಹನ್ನೆರಡು ಕಿಲೋ ತುಂಬಿಸಿ, ಅರಣ್ಯ ಇಲಾಖೆಯ ಅನುಮತಿ ಪಡೆದು ಎತ್ತಿನ ಭುಜ ಬೆಟ್ಟ ಹತ್ತಿ ಬಾ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ಹಳೆಯ ಕ್ಯಾಮೆರಾ ಚೀಲದಲ್ಲಿ ಹಾಕಿ ಎದೆಗೆ ಕಟ್ಟಿಕೋ. ಸ್ಪ್ರೇ ಕ್ಯಾನ್ ಅದಕ್ಕಿಂತ ಹಗುರವೇ ಇರುತ್ತದೆ. ಹಿಪ್ ಬೆಲ್ಟ್ ಎಲ್ಲಿ ಕೂರುತ್ತದೆ, ಪಟ್ಟಿ ಎಲ್ಲಿ ಉಜ್ಜುತ್ತದೆ, ಬಾಗಿದಾಗ ಚೀಲ ಎಲ್ಲಿಗೆ ಜಾರುತ್ತದೆ ಎಂದು ಗುರುತು ಮಾಡಿಕೋ. ಭುಜದ ಅಳತೆಯನ್ನೂ, ಅಂಗಿ ಹಾಕಿದ ಮೇಲಿನ ಎದೆಯ ಸುತ್ತಳತೆಯನ್ನೂ ಬರೆದಿಟ್ಟುಕೊಂಡು ನನಗೆ ಕಳಿಸು. ಬೋಜ್‌ಮನ್‌ಗೆ ಬಂದ ಮೊದಲ ಶನಿವಾರ ಅಂಗಡಿಗೆ ಒಟ್ಟಿಗೆ ಹೋಗೋಣ. ಸ್ಪ್ರೇ ಕ್ಯಾನಿಗೆ 40–50 ಡಾಲರ್ ಆಸುಪಾಸು ಆಗುತ್ತದೆ, ಅಷ್ಟನ್ನು ಮೊದಲ ತಿಂಗಳ ಖರ್ಚಿನಲ್ಲಿ ಎತ್ತಿಡು.