ಟ್ರಾಪಿಸ್ಟ್-1ರ ಗ್ರಹಗಳಲ್ಲಿ ನೀರು ಸಿಕ್ಕಿದೆಯಾ?

ಟ್ರಾಪಿಸ್ಟ್-1 ಎಂಬ ನಕ್ಷತ್ರದ ಮೂರು ಗ್ರಹಗಳು ವಾಸಯೋಗ್ಯ ವಲಯದಲ್ಲಿವೆ ಅಂದಮೇಲೆ ಅಲ್ಲಿ ನೀರು ಸಿಕ್ಕಿದೆ ಎಂದೇ ಅರ್ಥವಾ ಅಂತ ಕೇಳಿದ್ದೀರಿ. ಇಲ್ಲ, ಸಿಕ್ಕಿಲ್ಲ. ವಾಸಯೋಗ್ಯ ವಲಯ ಅನ್ನೋದು ನಕ್ಷತ್ರದಿಂದ ಇರುವ ದೂರ ನೋಡಿ ಹಾಕಿದ ಲೆಕ್ಕ. ತಕ್ಕ ವಾತಾವರಣ ಇದ್ದರೆ ನೀರು ದ್ರವವಾಗಿ ನಿಲ್ಲಬಹುದು, ಅಷ್ಟೇ. ಹಾಗೆ ನೋಡಿದರೆ ನಮ್ಮ ಚಂದ್ರನೂ ಸೂರ್ಯನ ವಾಸಯೋಗ್ಯ ವಲಯದಲ್ಲೇ ಇದ್ದಾನೆ!

ಸುಮಾರು 40 ಜ್ಯೋತಿರ್ವರ್ಷ ದೂರದ ಈ ಕೆಂಪು ಕುಬ್ಜ ನಕ್ಷತ್ರ ಗಾತ್ರದಲ್ಲಿ ಗುರುಗ್ರಹಕ್ಕಿಂತ ಸ್ವಲ್ಪವೇ ದೊಡ್ಡದು. ಶಾಖ ಕಡಿಮೆ, ಹಾಗಾಗಿ ಬೆಚ್ಚಗಿನ ಜಾಗ ಅದರ ಮಗ್ಗುಲಲ್ಲೇ ಇದೆ. ಆ ಮೂರರಲ್ಲಿ ಒಂದಾದ 'ಇ' ಗ್ರಹದ ಒಂದು ವರ್ಷ ಅಂದರೆ ನಮ್ಮ ಆರು ದಿನ. ತೊಂದರೆಯೂ ಇಲ್ಲೇ ಇರೋದು. ಅಷ್ಟು ಹತ್ತಿರದಲ್ಲಿ ನಕ್ಷತ್ರದ ಜ್ವಾಲೆಗಳು, ಎಕ್ಸ್-ಕಿರಣಗಳು ಗ್ರಹದ ವಾತಾವರಣವನ್ನೇ ಕ್ರಮೇಣ ಕಿತ್ತುಹಾಕಬಹುದು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕದಿಂದ ನಕ್ಷತ್ರಕ್ಕೆ ಅತಿ ಹತ್ತಿರದ 'ಬಿ' ಗ್ರಹದ ಹಗಲು ಬದಿಯ ಶಾಖ ಅಳೆದರು: ಸುಮಾರು 230 ಡಿಗ್ರಿ ಸೆಲ್ಸಿಯಸ್. ದಟ್ಟ ಗಾಳಿ ಇದ್ದಿದ್ದರೆ ಒಂದಿಷ್ಟು ಶಾಖ ರಾತ್ರಿ ಬದಿಗೂ ಹಂಚಿಹೋಗಿ ಹಗಲು ಬದಿ ಇಷ್ಟು ಕಾಯುತ್ತಿರಲಿಲ್ಲ. ಇದು ಬರಿಬಂಡೆಗೆ ಹೊಂದುವ ಅಂಕಿ. 'ಸಿ' ಗ್ರಹದಲ್ಲೂ ಶುಕ್ರನಂಥ ದಪ್ಪ ಇಂಗಾಲದ ಡೈಆಕ್ಸೈಡ್ ಹೊದಿಕೆ ಕಾಣಲಿಲ್ಲ.

ನನ್ನ ಆಸೆ ಏನಿದ್ದರೂ 'ಇ' ಮೇಲೆ. ಆದರೆ ಅಲ್ಲೊಂದು ಕೀಟಲೆ ಇದೆ: ಈ ನಕ್ಷತ್ರದ ತಣ್ಣನೆಯ ಕಲೆಗಳಲ್ಲೇ ನೀರಾವಿ ಇರುತ್ತೆ. ಹಾಗಾಗಿ ನಾಳೆ, ಗ್ರಹದ ಗಾಳಿ ದಾಟಿ ಬಂದ ನಕ್ಷತ್ರದ ಬೆಳಕಿನಲ್ಲಿ ನೀರಿನ ಗುರುತು ಸಿಕ್ಕಿತು ಅಂತ ಸುದ್ದಿ ಬಂದರೆ, ಅದು ಗ್ರಹದ್ದಾ ನಕ್ಷತ್ರದ್ದಾ ಅಂತ ಮೊದಲು ನೋಡಿ.